ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗು

ಮಗೂ, ಕಾಲೇಜಿಗೆ, ಸಂತೆಗೆ, ರಜೆ ಬಂದರೆ ಆಗುಂಬೆಗೆ, ಎಲ್ಲಕ್ಕೂ ಒಂದೇ ಸೈಕಲ್ ಬೇಕು, ದುಡ್ಡೂ ಕಡಿಮೆ ಎಂದೆಯಲ್ಲ. ಹಾಗಾದರೆ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊ. ಫ್ರೇಮಿಗೆ ಕಚ್ಚಿಕೊಂಡರೆ ಉಕ್ಕು, ಜಾರಿ ಬಿದ್ದರೆ ಅಲ್ಯೂಮಿನಿಯಂ.

ಉಕ್ಕು ಒಂದೆರಡು ಕೆಜಿ ಹೆಚ್ಚು ತೂಗಬಹುದು. ಆದರೂ ಅದನ್ನೇ ತಗೋ. ಒಮ್ಮೆ ತೀರ್ಥಹಳ್ಳಿ ದಾರಿಯಲ್ಲಿ ನನ್ನ ಸೈಕಲ್ಲಿನ ಕ್ಯಾರಿಯರ್ ಕೂರಿಸುವ ಕೊಂಡಿ ಫ್ರೇಮಿನಿಂದಲೇ ಕಿತ್ತುಬಂತು. ನೇಗಿಲು, ಗೇಟು ಬೆಸೆಯುವ ಅಂಗಡಿಯವರೇ ಬೆಸೆದುಕೊಟ್ಟರು, ಸಂಜೆಯೊಳಗೆ ಮನೆ ಸೇರಿದೆ. ಅಲ್ಯೂಮಿನಿಯಂ ಆಗಿದ್ದರೆ ಅವರ ಹತ್ತಿರವಿದ್ದ ಸಲಕರಣೆಯಿಂದ ಆಗುವ ಕೆಲಸವಲ್ಲ. ಹತ್ತಿರದ ಹಳ್ಳಿಯಲ್ಲಿ ರಿಪೇರಿ ಆಗುವಂಥದ್ದೇ ದೂರ ಹೋಗುವವನಿಗೆ ಒಳ್ಳೆಯ ಸೈಕಲ್.

ಮುಂದಿನ ಶಾಕ್ ನೋಡಿ ಮರುಳಾಗಬೇಡ. ಅಗ್ಗದ ಶಾಕ್ ಬರೀ ಭಾರ. ಏರಿನಲ್ಲಿ ಎದ್ದು ತುಳಿದರೆ ನಿನ್ನ ಬಲವನ್ನೇ ನುಂಗುತ್ತದೆ. ಗುಂಡಿಯ ಪೆಟ್ಟು ತಡೆಯಲು 40ರಿಂದ 50 ಮಿಲಿಮೀಟರ್ ಅಗಲದ ಟೈರು ಸಾಕು. ಅದರ ಮೇಲೆ ಮಡ್‌ಗಾರ್ಡಿಗೂ ಜಾಗ ಉಳಿಯಲಿ. ಹಿಂಗಾಲಿಯ ಅಚ್ಚಿನ ಬಳಿ ಕ್ಯಾರಿಯರ್ ಕೂರಿಸುವ ಸ್ಕ್ರೂ ತೂತು ಇದೆಯೇ ನೋಡು.

ಟೈರಿನ ಬದಿಯಲ್ಲಿ ಅಚ್ಚಾದ ಅಂಕಿ ಓದು. ಹಳೇ ಕರಿ ಸೈಕಲ್ಲಿನದು 635, ಈಗಿನ 700ಸಿ ಗಾಲಿಯದು 622. ಎರಡನ್ನೂ 28 ಇಂಚು ಅನ್ನುತ್ತಾರೆ, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಎಂಟಿಬಿಯ, ಅಂದರೆ ಮೌಂಟನ್ ಬೈಕಿನ, 26 ಇಂಚಿನದು 559. ತಾಲೂಕು ಊರಿನಲ್ಲೂ ಸಿಗುತ್ತದೆ. ಹಾಗಾಗಿ ಶಾಕ್ ಇಲ್ಲದ ಹಳೆಯ ಉಕ್ಕಿನ ಎಂಟಿಬಿ ಸಿಕ್ಕರೆ ಬಿಡಬೇಡ. ಬಗ್ಗಿ, ಪೆಡಲ್ ಅಚ್ಚಿನ ಅಡಿಯಲ್ಲಿ ತುಕ್ಕು ತಿಂದಿದೆಯೇ ಅಂತ ಮಾತ್ರ ನೋಡು.

ಆಗುಂಬೆ ಘಾಟಿಗೆ 14 ತಿರುವು, ಹತ್ತಲು ಹಗುರ ಗೇರು ಬೇಕು. ಮುಂದಿನ ಚಿಕ್ಕ ಚಕ್ರಕ್ಕೆ 28 ಹಲ್ಲಿದ್ದರೆ ಹಿಂದಿನ ದೊಡ್ಡದಕ್ಕೆ 32 ಇರಲಿ. ಪೆಡಲ್ ಒಂದು ಸುತ್ತು ಬಂದರೂ ಗಾಲಿ ಪೂರ್ತಿ ಸುತ್ತುವುದಿಲ್ಲ. ಸಾಮಾನು ಹೇರಿಕೊಂಡೂ ಕೂತೇ ಹತ್ತಬಹುದು.

ಅಳತೆ ಮರೆಯಬೇಡ. ಎರಡೂ ಕಾಲು ನೆಲಕ್ಕೂರಿ ನಿಂತಾಗ ಮೇಲಿನ ಬಾರು ತಾಗಬಾರದು. ಚೆಂದವಿದೆ ಅಂತ ಅಳತೆ ತಪ್ಪಿದ್ದು ತಂದರೆ ಮಂಡಿನೋವು ಕೊಂಡುತಂದ ಹಾಗೆ.

ಸ್ವಲ್ಪ ದುಡ್ಡು ಪಂಪು, ಪ್ಯಾಚು, ಬೀಗ, ಲೈಟಿಗೆ ಉಳಿಸಿಕೊ. ಮೊದಲ ವಾರವೇ ಅಂಗಳದಲ್ಲಿ ಕೂತು ಟ್ಯೂಬು ಬಿಚ್ಚಿ ಪಂಕ್ಚರ್ ಹಾಕುವುದು ಕಲಿ. ಘಾಟಿಯಲ್ಲಿ ಕಲಿಯುತ್ತೇನೆಂದರೆ ಮಳೆ ಬಿಡುವುದಿಲ್ಲ.