ಮಗನ ಆಯಸ್ಸು ಜೀನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಪ್ರಶ್ನೆ: ಮಗನಿಗೆ ಹದಿನಾರು ವರ್ಷ. ಮೊಣಕಾಲಿನ ಮೇಲೆ ಬಾವು ಬಂದಾಗ ಕಬಡ್ಡಿಯಲ್ಲಿ ಪೆಟ್ಟಾಗಿರಬೇಕು ಅಂದುಕೊಂಡೆವು. ಬಯಾಪ್ಸಿಯಲ್ಲಿ ಆಸ್ಟಿಯೋಸಾರ್ಕೋಮಾ ಎಂದು ಬಂತು. ಎರಡು ಕೀಮೋ ಮುಗಿದಿವೆ. ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿದರೆ ಎಷ್ಟು ವರ್ಷ ಬದುಕುತ್ತಾನೆಂದು ತಿಳಿಯುತ್ತದಂತೆ. ನಮ್ಮ ಯಜಮಾನರು ಎಮ್ಮೆ ಮಾರಿಯಾದರೂ ಮಾಡಿಸೋಣ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಎಮ್ಮೆ ಮಾರಬೇಡಿ, ತಾಯಿ.

ನೀವು ಕೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ. ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಆರ್‌ಎನ್‌ಎ ಅಳೆದು ತಿಳಿಯಬಹುದು. ಸ್ತನ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ 21 ಜೀನ್‌ಗಳ ಪರೀಕ್ಷೆ ನೋಡಿಯೇ ಕೀಮೋ ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಆ ಪರೀಕ್ಷೆಯನ್ನು ಸಾವಿರಾರು ಹೆಂಗಸರಲ್ಲಿ ಒರೆಗೆ ಹಚ್ಚಲಾಗಿದೆ. ಮೂಳೆಯ ಈ ಕ್ಯಾನ್ಸರ್ ಅಪರೂಪದ್ದು. ಇದರ ಬಗ್ಗೆ ಬಂದ ಲೇಖನಗಳಲ್ಲಿ ಬಹಳಷ್ಟು, ನೂರರ ಆಸುಪಾಸಿನ ರೋಗಿಗಳ ಅದೇ ಮಾಹಿತಿಯನ್ನು ಮತ್ತೆ ಮತ್ತೆ ಜಾಲಾಡಿದಂಥವು. ಒಂದು ತಂಡ ಆರಿಸಿದ ಜೀನ್‌ಗಳ ಪಟ್ಟಿಗೂ ಇನ್ನೊಂದರದಕ್ಕೂ ತಾಳೆಯಾಗುವುದು ಕಡಿಮೆ. ಮೂಳೆಯ ತುಣುಕನ್ನು ತೆಳುವಾಗಿ ಕತ್ತರಿಸಲು ಆಮ್ಲದಲ್ಲಿ ನೆನೆಸಿ ಮೆದುಮಾಡುತ್ತಾರೆ. ಅಷ್ಟರಲ್ಲೇ ಆರ್‌ಎನ್‌ಎ ಹಾಳಾಗುವುದುಂಟು.

ಇಷ್ಟಾಗಿಯೂ ಸಿಗುವ ಅಂಕ ‘ಹೆಚ್ಚು ಅಪಾಯದ ಗುಂಪು’ ಅನ್ನುತ್ತದೆ, ನಿಮ್ಮ ಹುಡುಗನ ವರ್ಷ ಎಣಿಸುವುದಿಲ್ಲ. ಚಿಕಿತ್ಸೆಯೂ ಅದರಿಂದ ಬದಲಾಗದು. ಕೀಮೋಗೆ ಜಗ್ಗದ ಗಡ್ಡೆಯಿದ್ದವರಿಗೆ ಆಪರೇಷನ್ ಆದಮೇಲೆ ಇನ್ನೆರಡು ಔಷಧ ಸೇರಿಸಿ 17 ದೇಶಗಳಲ್ಲಿ ನೋಡಿದರು. ಯೂರಾಮೋಸ್ ಎಂಬ ಆ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು.

ಡಾಕ್ಟರನ್ನು ಕೇಳಬೇಕಾದ್ದು ಬೇರೆ. ಎದೆಯ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶಕ್ಕೆ ಹರಡಿರುವುದು ಕಂಡಿದೆಯೇ? ಹರಡದಿದ್ದು, ಪೂರ್ತಿ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 60ರಿಂದ 70 ಮಂದಿ ಐದು ವರ್ಷ ದಾಟಿರುವುದನ್ನು ದೊಡ್ಡ ಅಧ್ಯಯನಗಳು ತೋರಿಸಿವೆ. ಆಪರೇಷನ್ ನಂತರದ ಪೆಥಾಲಜಿ ವರದಿಯಲ್ಲಿ ‘ನೆಕ್ರೋಸಿಸ್’ ಎಂಬ ಸಾಲು ಹುಡುಕಿ. ಕೀಮೋಗೆ ಗಡ್ಡೆ ಎಷ್ಟು ಸತ್ತಿದೆ ಎಂಬ ಲೆಕ್ಕ ಅದು. ಶೇ 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯ ಸೂಚನೆ. ಕಡಿಮೆ ಬಂದರೂ ಕೈಚೆಲ್ಲಬೇಡಿ, ಹಾಗೆ ಬಂದು ಬದುಕಿದವರೂ ಇದ್ದಾರೆ.

ಎಷ್ಟು ದಿನ ಎಂದು ಮಗನೇ ಕೇಳಿದರೆ ಮಾತು ತಿರುಗಿಸಬೇಡಿ. ಡಾಕ್ಟರ ಎದುರು ಕೂರಿಸಿ ಕೇಳಲು ಬಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಖರ್ಚು ಸಿಗುತ್ತದೆಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಈ ವಾರವೇ ವಿಚಾರಿಸಿ. ಮುಂದಿನ ಕೀಮೋ ತಾರೀಖನ್ನು ಮಾತ್ರ ತಪ್ಪಿಸಬೇಡಿ.