ಜೀವನ ವೆಚ್ಚದ ಎರಡು ಅಳತೆಗಳು: ಕಾಲದ ಸೂಚ್ಯಂಕ ಮತ್ತು ಸ್ಥಳದ ಸೂಚ್ಯಂಕ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಣ್ಣ ಉದ್ಯಮಿಯ ಮುಂದೆ ವೇತನದ ವಿಷಯದಲ್ಲಿ ಎರಡು ಪ್ರಶ್ನೆಗಳು ಬರುತ್ತವೆ. ಹೋದ ವರ್ಷಕ್ಕಿಂತ ಈ ವರ್ಷ ತುಟ್ಟಿಭತ್ಯೆ ಎಷ್ಟು ಹೆಚ್ಚಬೇಕು ಎಂಬುದು ಮೊದಲನೆಯದು. ಪಳಗಿದ ಕೆಲಸಗಾರನಿಗೆ ಪುಣೆಯಿಂದ ಹೆಚ್ಚಿನ ಸಂಬಳದ ಕರೆ ಬಂದಾಗ ಅವನನ್ನು ಉಳಿಸಿಕೊಳ್ಳಲು ಎಷ್ಟು ಕೊಡಬೇಕು ಎಂಬುದು ಎರಡನೆಯದು. ಎರಡೂ ಜೀವನ ವೆಚ್ಚಕ್ಕೆ ಸಂಬಂಧಿಸಿದವೇ ಆದರೂ ಒಂದೇ ಅಳತೆಗೋಲಿನಿಂದ ಎರಡಕ್ಕೂ ಉತ್ತರ ದೊರೆಯದು.

ಕಾಲದ ಸೂಚ್ಯಂಕ

ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಲೇಬರ್ ಬ್ಯೂರೊ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. 2001ನ್ನು ಮೂಲವರ್ಷವಾಗಿ ಉಳ್ಳ ಹಳೆಯ ಸರಣಿಯ ಬದಲು 2016ನ್ನು ಮೂಲವರ್ಷವಾಗಿ ಉಳ್ಳ ಸರಣಿಯು 2020ರಲ್ಲಿ ಜಾರಿಗೆ ಬಂದಿತು. ಬೆಲೆ ಸಂಗ್ರಹಿಸುವ ಕೇಂದ್ರಗಳು 78ರಿಂದ 88ಕ್ಕೆ ಏರಿದವು. ಬೆಳಗಾವಿ ಈ ಕೇಂದ್ರಗಳಲ್ಲಿ ಒಂದು. ಆಹಾರ ಮತ್ತು ಪಾನೀಯಗಳ ತೂಕ ಶೇ. 46.2ರಿಂದ 39.17ಕ್ಕೆ ಇಳಿದು, ವಸತಿಯ ತೂಕ ಶೇ. 15.2ರಿಂದ 16.87ಕ್ಕೆ ಏರಿತು. ಶಿಕ್ಷಣ, ಆರೋಗ್ಯ, ಸಾರಿಗೆ ಮೊದಲಾದವು ಸೇರಿದ ಇತರೆ ಗುಂಪಿನ ತೂಕ ಶೇ. 23.3ರಿಂದ 30.31ಕ್ಕೆ ಹೆಚ್ಚಿತು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಹಳೆಯ ಒಪ್ಪಂದದಲ್ಲಿ 2001ರ ಸರಣಿಯ ಉಲ್ಲೇಖವಿದ್ದರೆ ಹೊಸ ಅಂಕವನ್ನು ಅಖಿಲ ಭಾರತ ಜೋಡಣಾಂಕವಾದ 2.88ರಿಂದ ಗುಣಿಸಬೇಕು. ಹೊಸ ಸರಣಿಯ 125 ಎಂದರೆ ಹಳೆಯ ಸರಣಿಯ 360. ಇದನ್ನು ಮರೆತರೆ ತುಟ್ಟಿಭತ್ಯೆಯ ಲೆಕ್ಕವೇ ತಪ್ಪುತ್ತದೆ.

ಎರಡನೆಯದು ಇನ್ನೂ ಮುಖ್ಯ. ಒಂದು ಕೇಂದ್ರದ ಸೂಚ್ಯಂಕ 140, ಇನ್ನೊಂದರದು 150 ಇದ್ದರೆ ಎರಡನೆಯ ಊರು ದುಬಾರಿ ಎಂದು ಅರ್ಥವಲ್ಲ. ಪ್ರತಿ ಕೇಂದ್ರದಲ್ಲಿಯೂ 2016ರ ಬೆಲೆಯನ್ನೇ 100 ಎಂದು ಹಿಡಿಯಲಾಗಿದೆ. ಆ ವರ್ಷದಿಂದೀಚೆಗೆ ಅದೇ ಊರಿನಲ್ಲಿ ಬೆಲೆ ಎಷ್ಟು ಏರಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಊರು ಊರಿಗೆ ಹೋಲಿಕೆ ಅದರ ಕೆಲಸವಲ್ಲ.

ಸ್ಥಳದ ಸೂಚ್ಯಂಕ

ಊರುಗಳ ಹೋಲಿಕೆಗೆ ಬೇಕಾದ ಸೂಚ್ಯಂಕಕ್ಕೆ ಅಮೆರಿಕದಲ್ಲಿ ಒಳ್ಳೆಯ ಮಾದರಿಯಿದೆ. ಅಲ್ಲಿ 1968ರಿಂದ ನಗರಗಳ ಜೀವನ ವೆಚ್ಚ ಸೂಚ್ಯಂಕ ಪ್ರಕಟವಾಗುತ್ತಿದೆ. ಇದನ್ನು ಆರಂಭಿಸಿದ್ದು ಸರ್ಕಾರವಲ್ಲ, ವಾಣಿಜ್ಯ ಮಂಡಳಿಗಳ ಸಂಶೋಧಕರ ಸಂಘ. ಇಂದಿಗೂ ಮಧ್ಯಮ ಗಾತ್ರದ ಅನೇಕ ನಗರಗಳ ವಾಣಿಜ್ಯ ಮಂಡಳಿಗಳೂ ಸ್ಥಳೀಯ ಸಂಸ್ಥೆಗಳೂ ಸ್ವಇಚ್ಛೆಯಿಂದ ಬೆಲೆಗಳನ್ನು ಕಲೆಹಾಕಿ ಕಳುಹಿಸುತ್ತವೆ. ದಿನಸಿ, ವಸತಿ, ವಿದ್ಯುತ್ ಮೊದಲಾದ ಸೇವೆಗಳು, ಸಾರಿಗೆ, ಆರೋಗ್ಯ, ಇತರೆ ಎಂಬ ಆರು ಗುಂಪುಗಳು ಅದರಲ್ಲಿವೆ. ಭಾಗವಹಿಸಿದ ಎಲ್ಲ ಊರುಗಳ ಸರಾಸರಿ 100. ತನ್ನ ಅಂಕ ಅದಕ್ಕಿಂತ ಕಡಿಮೆಯಿದ್ದರೆ ಅದನ್ನು ತೋರಿಸಿ ಆ ನಗರವು ಹೊಸ ಉದ್ದಿಮೆಗಳನ್ನು ತನ್ನತ್ತ ಕರೆಯುತ್ತದೆ.

ಒಂದು ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಊಹಿಸಿಕೊಂಡವು. ಗೋಕಾಕದಲ್ಲಿ ತಿಂಗಳಿಗೆ ರೂ. 20,000 ಪಡೆಯುವ ಫಿಟ್ಟರ್ ಒಬ್ಬನಿಗೆ ಪುಣೆಯಲ್ಲಿ ರೂ. 28,000 ಸಂಬಳದ ಕರೆ ಬಂದಿದೆ. ಒಂದೇ ಬಗೆಯ ಸಂಸಾರಕ್ಕೆ ತಗಲುವ ಮಾಸಿಕ ವೆಚ್ಚ ಹೀಗಿರಲಿ:

ಮನೆ ಬಾಡಿಗೆ: ಗೋಕಾಕ 3,500, ಪುಣೆ 9,000
ದಿನಸಿ, ಹಾಲು, ತರಕಾರಿ: 7,500, 8,500
ವಿದ್ಯುತ್, ಗ್ಯಾಸ್: 1,500, 2,000
ಓಡಾಟ: 1,000, 2,000
ಶಾಲೆ, ಔಷಧ, ಇತರೆ: 3,500, 4,500
ಒಟ್ಟು: 17,000, 26,000

26,000ವನ್ನು 17,000ದಿಂದ ಭಾಗಿಸಿ 100ರಿಂದ ಗುಣಿಸಿದರೆ 153 ಬರುತ್ತದೆ. ಗೋಕಾಕ 100 ಆದರೆ ಪುಣೆ 153. ಅಂದರೆ ಗೋಕಾಕದ 20,000ಕ್ಕೆ ಪುಣೆಯಲ್ಲಿ ಸಮನಾದ ಸಂಬಳ 30,600. ಅಲ್ಲಿಯ 28,000 ಇಲ್ಲಿಯ ಸುಮಾರು 18,300ಕ್ಕೆ ಸಮ. ಇಲ್ಲಿ ತಿಂಗಳಿಗೆ 3,000 ಉಳಿಸುವವನು ಅಲ್ಲಿ ಉಳಿಸುವುದು 2,000 ಮಾತ್ರ. ವ್ಯತ್ಯಾಸದ ದೊಡ್ಡ ಪಾಲು ಬಾಡಿಗೆಯದು ಎಂಬುದು ಗಮನಾರ್ಹ. ಊರಿನಲ್ಲಿ ಸ್ವಂತ ಮನೆ ಇದ್ದವನಿಗೆ ಇಲ್ಲಿಯ ವೆಚ್ಚ 13,500ಕ್ಕೆ ಇಳಿದು, ಪುಣೆಯ ಅಂಕ ಸುಮಾರು 193 ಆಗುತ್ತದೆ.

ಆದರೆ ಈ ಲೆಕ್ಕವನ್ನು ಸಂಬಳ ತಡೆಹಿಡಿಯುವ ನೆಪವಾಗಿ ಬಳಸುವುದು ವಿವೇಕವಲ್ಲ. ಅದೇ ಫಿಟ್ಟರನಿಗೆ ಪುಣೆಯವರು 32,000 ಕೊಟ್ಟರೆ ತಕ್ಕಡಿ ಆ ಕಡೆಗೆ ವಾಲುತ್ತದೆ. ಮುಂದಿನ ಬಡ್ತಿಯಂತಹ ಸಂಗತಿಗಳು ಯಾವ ಸೂಚ್ಯಂಕದಲ್ಲಿಯೂ ಇಲ್ಲ. ಕನಿಷ್ಠ ವೇತನ ಮತ್ತು ತುಟ್ಟಿಭತ್ಯೆಯಂತೂ ಕಾನೂನಿನ ಕಟ್ಟಳೆ; ಊರು ಅಗ್ಗವೆಂಬ ವಾದ ಅಲ್ಲಿ ನಿಲ್ಲದು.

ನಮ್ಮ ಮೂರು ತಾಲ್ಲೂಕುಗಳಿಗೆ

ಬೆಳಗಾವಿಯ ಅಂಕದಿಂದ ಈ ಮೂರು ತಾಲ್ಲೂಕುಗಳ ಸಂಸಾರದ ವೆಚ್ಚ ಪೂರ್ತಿ ತಿಳಿಯುವುದಿಲ್ಲ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯ ಕಾರ್ಮಿಕ, ಮೂಡಲಗಿ ಭಾಗದ ಬೆಲ್ಲದ ಗಾಣದ ಆಳು, ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ನೌಕರ ಇವರ ಖರ್ಚಿನ ಪಟ್ಟಿ ಒಂದೇ ಅಲ್ಲ. ವಿದ್ಯುತ್ತನ್ನು ಪೂರೈಸುವವರೂ ಒಬ್ಬರೇ ಅಲ್ಲ: ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದ್ದರೆ, ಗೋಕಾಕ ಮತ್ತು ಮೂಡಲಗಿಗಳಲ್ಲಿ ಹೆಸ್ಕಾಂ ಇದೆ.

ಆದ್ದರಿಂದ ವರ್ತಕರ ಸಂಸ್ಥೆಗಳೇ ಮುಂದೆ ಬಂದು ಮೂರು ತಿಂಗಳಿಗೊಮ್ಮೆ, ಒಂದೇ ದಿನ, ಮೂರೂ ಊರುಗಳಲ್ಲಿ ಬೆಲೆ ಸಂಗ್ರಹಿಸುವುದು ಸಾಧ್ಯ. ಜೋಳ, ಅಕ್ಕಿ, ತೊಗರಿಬೇಳೆ, ಅಡುಗೆ ಎಣ್ಣೆ, ಹಾಲು, ಎರಡು ಕೋಣೆಯ ಮನೆಯ ಬಾಡಿಗೆ, ಗ್ಯಾಸ್ ಸಿಲಿಂಡರ್, ಬಸ್ ದರ, ವೈದ್ಯರ ಶುಲ್ಕ ಇಷ್ಟು ಆರಂಭಕ್ಕೆ ಸಾಕು. ಪದಾರ್ಥದ ದರ್ಜೆ ಮತ್ತು ತೂಕ ಎಲ್ಲೆಡೆ ಒಂದೇ ಇರಬೇಕು. ವಿಶೇಷ ರಿಯಾಯಿತಿಯ ಬೆಲೆಯನ್ನು ಬಿಡಬೇಕು. ಪ್ರತಿ ವಸ್ತುವಿಗೂ ಮೂರು ಅಂಗಡಿಗಳ ಸರಾಸರಿ ಹಿಡಿಯಬೇಕು. ಬೆಲೆ ಬಲ್ಲವರು ವರ್ತಕರೇ ಆದ್ದರಿಂದ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಇಂತಹ ಪಟ್ಟಿ ಕೈಯಲ್ಲಿದ್ದರೆ ವೇತನದ ಮಾತುಕತೆ ಊಹೆಯ ಮೇಲೆ ನಡೆಯದೆ, ಮಾಲೀಕನೂ ಕೆಲಸಗಾರನೂ ಒಪ್ಪುವ ಲೆಕ್ಕದ ಮೇಲೆ ನಡೆದೀತು.