ಕತ್ತಿವರಸೆಯ ಶಾಸ್ತ್ರವೂ ಕಾದುವವನ ಕಾರಣವೂ

ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ಮರ್ಕ್ಯೂಷಿಯೋ ಎಂಬ ತರುಣನು ಟಿಬಾಲ್ಟನ ಕತ್ತಿವರಸೆಯನ್ನು, ಇಟಲಿಯ ಪಟ್ಟುಗಳ ಹೆಸರೆತ್ತಿ ಅಣಕಿಸುತ್ತಾನೆ. ತರಗತಿಯಲ್ಲಿ ಇದನ್ನು ಓದಿದಾಗ ನಮಗಾರಿಗೂ ನಗು ಬರಲಿಲ್ಲ. ಆ ಹಾಸ್ಯ ತಿಳಿಯಬೇಕಾದರೆ ಜಾರ್ಜ್ ಸಿಲ್ವರನ ಪರಿಚಯವಿರಬೇಕು. 1599ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಪ್ಯಾರಡಾಕ್ಸಸ್ ಆಫ್ ಡಿಫೆನ್ಸ್’ ಎಂಬ ಗ್ರಂಥದಲ್ಲಿ ಆತನು, ಇಟಲಿಯ ಗುರುಗಳು ಕಲಿಸುವ ನೀಳವಾದ ರೇಪಿಯರ್ ಕತ್ತಿಯು ಎದುರಾಳಿಯನ್ನು ಚುಚ್ಚೀತೇ ಹೊರತು ಹಿಡಿದವನನ್ನು ಕಾಯಲಾರದೆಂದು ವಾದಿಸಿದನು. ನಾಟಕವು ಗ್ರಂಥಕ್ಕಿಂತ ಮೊದಲಿನದು. ಜಗಳ ಮಾತ್ರ ಒಂದೇ. ಮರ್ಕ್ಯೂಷಿಯೋ ಸಾಯುವುದೂ ಅಂಥ ಚುಚ್ಚಿನಿಂದಲೇ.

ಹೊಡೆಯುವಾಗ ಕಾಲಿಗಿಂತ ಮೊದಲು ಕೈ ಚಲಿಸಬೇಕೆಂಬುದು ಸಿಲ್ವರನ ಮುಖ್ಯ ಸೂತ್ರ. ಹೇಗೆ ಕಾದಬೇಕೆಂಬುದನ್ನು ಆತನು ಚೆನ್ನಾಗಿ ಬಲ್ಲ. ಆದರೆ ಕಥೆ ಬರೆಯುವವನಿಗೆ ಬೇಕಾದುದು ಇನ್ನೊಂದು: ಇವನು ಕತ್ತಿ ಹಿಡಿದು ಬಂದದ್ದೇಕೆ?

ಆ ಪ್ರಶ್ನೆಯನ್ನು ಕೇಳಿದವನು ನಮ್ಮ ನಾಡಿನ ದೊರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಆನೆ, ಅಡುಗೆ, ಸಂಗೀತಗಳೊಡನೆ ‘ಅಂಕವಿನೋದ’ವೂ ಒಂದು. ಅಂಕವೆಂದರೆ ರಾಜನೆದುರು ಇಬ್ಬರು ಶಸ್ತ್ರ ಹಿಡಿದು ಕಾದುವುದು. (ಕರಾವಳಿಯ ‘ಕೋಳಿ ಅಂಕ’ದಲ್ಲಿ ಈ ಮಾತು ಉಳಿದಿದೆ.) ಸೋಮೇಶ್ವರನು ಕಾದುವವರನ್ನು ಕಾರಣದ ಮೇಲೆ ವಿಂಗಡಿಸುತ್ತಾನೆ: ಹೊಟ್ಟೆಕಿಚ್ಚಿನಿಂದ ಬಂದವನು ಮತ್ಸರಾಂಕ, ನೆಲಕ್ಕಾಗಿ ಬಂದವನು ಭೂಮ್ಯಂಕ, ಹಗೆ ತೀರಿಸಲು ಬಂದವನು ವೈರಾಂಕ, ಬಿರುದಿಗೆ, ವಿದ್ಯೆಗೆ, ಪ್ರಾಯಶ್ಚಿತ್ತಕ್ಕೆ ಬಂದವರೂ ಉಂಟು. ಒಂದೊಂದು ಹೆಸರಿನಲ್ಲಿಯೂ ಒಂದೊಂದು ಕಾದಂಬರಿ ಅಡಗಿದೆಯೆಂದು ನನಗೆ ತೋರುತ್ತದೆ.

ಇದೇ ವಂಶದ ಸತ್ಯಾಶ್ರಯ ಇರಿವಬೆಡಂಗನ ಆಶ್ರಯದಲ್ಲಿ, ಇದಕ್ಕೆ ನೂರು ವರ್ಷಕ್ಕೂ ಹಿಂದೆ, ರನ್ನನು ‘ಗದಾಯುದ್ಧ’ವನ್ನು ಬರೆದನು. ಅಲ್ಲಿ ಆಯುಧ ಗದೆ. ಭೀಮನು ವೈರಾಂಕನೆನ್ನಲು ಅಡ್ಡಿಯಿಲ್ಲ. ದುರ್ಯೋಧನನೋ? ಕರ್ಣ ದುಶ್ಶಾಸನರು ಸತ್ತಮೇಲೆ ಅವನಿಗೆ ನೆಲದ ಆಸೆ ಬತ್ತಿದೆ, ಉಳಿದಿರುವುದು ಛಲವೊಂದೇ. ಭೂಮ್ಯಂಕನಾಗಿ ಹೊರಟವನು ಕಳಕ್ಕೆ ಬರುವ ವೇಳೆಗೆ ಬೇರೊಬ್ಬನಾಗಿದ್ದಾನೆ. ಶಾಸ್ತ್ರದ ವಿಂಗಡಣೆಗೆ ಸಿಕ್ಕದ ಈ ಬದಲಾವಣೆಯನ್ನು ಕಾವ್ಯ ಹಿಡಿದಿದೆ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಈ ಹೆಸರುಗಳನ್ನು ತಂದೆಯವರಿಗೆ ಓದಿ ಹೇಳಿದೆನು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ‘ಭೂಮ್ಯಂಕ’ ಬಂದೊಡನೆ ಕೈಯೆತ್ತಿ ನಿಲ್ಲಿಸಿದರು. ಊರಿನಲ್ಲಿ ಒಂದು ಬದುವಿಗಾಗಿ ಅವರೂ ದೊಡ್ಡಪ್ಪನವರೂ ಕುಡುಗೋಲು ಹಿಡಿದು ನಿಂತಿದ್ದರಂತೆ. ‘‘ಬದು ಆಮೇಲೆ ಮರೆತೇ ಹೋಯಿತಪ್ಪ,’’ ಎಂದರು. ದೊಡ್ಡಪ್ಪನವರನ್ನು ನಾನು ಇದುವರೆಗೆ ನೋಡಿಲ್ಲ.